ಶೇಷಾದ್ರಿ ಅಯ್ಯರ್ ಮತ್ತು ತಂತಿಯ ಲೆಕ್ಕ

ಸರ್ ಕೆ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲಿ ನಿಧನರಾದಾಗ, ಅವರು ಕೈಗೆತ್ತಿಕೊಂಡಿದ್ದ ಶಿವನಸಮುದ್ರದ ವಿದ್ಯುತ್ ಯೋಜನೆ ಇನ್ನೂ ಪೂರ್ಣಗೊಂಡಿರಲಿಲ್ಲ. ಕಾವೇರಿಯ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರ ಜೂನ್‌ನಲ್ಲಿ.

ಪಾಲಕ್ಕಾಡಿನಲ್ಲಿ 1845ರಲ್ಲಿ ಜನಿಸಿ, ಮದರಾಸಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರು ಸೇವೆಗೆ ಬಂದ ಅಯ್ಯರ್ ವೃತ್ತಿಯಿಂದ ಎಂಜಿನಿಯರ್ ಅಲ್ಲ. ಕಾನೂನು ಬಲ್ಲ ಆಡಳಿತಗಾರ. ರಂಗಾಚಾರ್ಲು ಅವರ ನಂತರ 1883ರಲ್ಲಿ ದಿವಾನರಾಗಿ 18 ವರ್ಷ ಆ ಹುದ್ದೆಯಲ್ಲಿದ್ದರು. ಮಾರಿಕಣಿವೆ ಜಲಾಶಯದ ಕಾಮಗಾರಿಗೆ ಚಾಲನೆ ದೊರೆತದ್ದೂ ಅವರ ಕಾಲದಲ್ಲಿಯೇ. ಜಲಪಾತದಿಂದ ವಿದ್ಯುತ್ ತೆಗೆಯುವ ಎಂಜಿನಿಯರ್ ಲಾಟ್‌ಬಿನಿಯರ್ ಅವರ ಪ್ರಸ್ತಾವಕ್ಕೆ ಬೆಂಬಲವಾಗಿ ನಿಂತವರು ಅವರು.

ಗಣಿಗಳು ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದಲ್ಲಿದ್ದವು. ಸರಳವಾಗಿ ಹೇಳುವುದಾದರೆ, ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್, ಅರ್ಥಾತ್ ಶಕ್ತಿ ವ್ಯಯವಾಗುವ ವೇಗ. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಆದರೆ ತಂತಿ ಕಾಯುವುದರಿಂದ ಆಗುವ ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅಷ್ಟೇ ಶಕ್ತಿಗೆ ಕರೆಂಟು ಹತ್ತನೇ ಒಂದು ಭಾಗ ಸಾಕು. ನಷ್ಟ ನೂರನೇ ಒಂದು ಭಾಗಕ್ಕಿಳಿಯುತ್ತದೆ. ಆದ್ದರಿಂದಲೇ ಆ ಮಾರ್ಗವನ್ನು ಸುಮಾರು 35,000 ವೋಲ್ಟ್‌ಗೆ ನಿರ್ಮಿಸಲಾಯಿತು.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನ. ಶಿವನಸಮುದ್ರದ ಬೆಳಕು ಈ ಸೀಮೆಗೆ ಬರಲಿಲ್ಲ. ಆದರೆ ಅದೇ ಲೆಕ್ಕ ಇಂದು ಇಲ್ಲಿನ ಕೊಳವೆಬಾವಿಗಳ ಮೇಲೂ ನಡೆಯುತ್ತದೆ. ಪರಿವರ್ತಕದಿಂದ ದೂರವಿರುವ ಹೊಲಕ್ಕೆ ಸಣ್ಣ ತಂತಿ ಎಳೆದು, ಅದರ ಮೇಲೆ ಪಂಪ್‌ಸೆಟ್‌ಗಳನ್ನು ಪೇರಿಸಿದರೆ ಕೊನೆಯ ರೈತನ ವೋಲ್ಟೇಜ್ ಕುಸಿಯುತ್ತದೆ. ಶೇ 20ರಷ್ಟು ಕುಸಿದರೆ ಅಷ್ಟೇ ನೀರೆತ್ತಲು ಮೋಟಾರು ಸುಮಾರು ಶೇ 25ರಷ್ಟು ಹೆಚ್ಚು ಕರೆಂಟು ಎಳೆಯಬೇಕು. ಸುರುಳಿಯ ಕಾವು ಒಂದೂವರೆ ಪಟ್ಟು ಮೀರುತ್ತದೆ. ಕಡೆಗೆ ಮೋಟಾರು ಸುಡುತ್ತದೆ.

ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆದರೆ ಸುಟ್ಟ ಮೋಟಾರಿನ ರಿವೈಂಡಿಂಗ್ ಉಚಿತವಲ್ಲ, ನೀರಿಲ್ಲದೆ ಒಣಗಿದ ಮೆಣಸಿನ ಗಿಡಕ್ಕೆ ಪರಿಹಾರವೂ ಇಲ್ಲ. ಯೂನಿಟ್‌ಗಳ ಸಬ್ಸಿಡಿ ಲೆಕ್ಕವಿಡುವ ಆಡಳಿತ, ಹೊಲದಂಚಿನ ವೋಲ್ಟೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹತ್ತಿರದಲ್ಲೊಂದು ಪರಿವರ್ತಕ, ತಕ್ಕ ದಪ್ಪದ ತಂತಿ, ಮೋಟಾರಿಗೊಂದು ಕೆಪಾಸಿಟರ್: ಇವು ದುಬಾರಿ ಕನಸುಗಳೇನಲ್ಲ. ಎಂಜಿನಿಯರರ ಮಾತನ್ನು ಆಲಿಸಿ ಹಣ ಒದಗಿಸಿದ ದಿವಾನರೊಬ್ಬರು ಈ ನಾಡಿನಲ್ಲಿಯೇ ಆಗಿಹೋಗಿದ್ದಾರೆ.