ನಕ್ಷತ್ರಗಳ ಬಿಸಿ ಅಳೆದ ಅಂಗಡಿಯವರ ಮಗ

ಸೀಸಿಯಂ 3.9, ಸೋಡಿಯಂ 5.1, ಕ್ಯಾಲ್ಸಿಯಂ 6.1, ಹೈಡ್ರೋಜನ್ 13.6 ಎಲೆಕ್ಟ್ರಾನ್ ವೋಲ್ಟ್. ಪರಮಾಣುವಿನಿಂದ ಹೊರಗಿನ ಒಂದು ಎಲೆಕ್ಟ್ರಾನ್ ಕಿತ್ತು ಅಯಾನು ಮಾಡೋಕೆ ಬೇಕಾದ ಶಕ್ತಿ ಇದು. ನಾವೆಲ್ಲ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಮರೆತುಬಿಡ್ತೀವಿ. ಇದೇ ಅಂಕಿಗಳಿಂದ ನಕ್ಷತ್ರಗಳ ಬಿಸಿ ಅಳೆಯೋ ದಾರಿ ತೋರಿಸಿದವರು ಮೇಘನಾದ ಸಹಾ.

1893ರ ಅಕ್ಟೋಬರ್ 6ರಂದು ಢಾಕಾ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದರು. ಅಪ್ಪನದು ಸಣ್ಣ ದಿನಸಿ ಅಂಗಡಿ. ಪ್ರೈಮರಿ ಮುಗಿದ ಮೇಲೆ ಓದಿಸೋ ಶಕ್ತಿ ಮನೆಯಲ್ಲಿರಲಿಲ್ಲ. ಅನಂತಕುಮಾರ ದಾಸ್ ಎಂಬ ವೈದ್ಯರು ಆಶ್ರಯ ಕೊಟ್ಟರು. ಹುಡುಗ ತನ್ನ ತಟ್ಟೆ ತಾನೇ ತೊಳೆಯಬೇಕಿತ್ತು, ಹಸು ನೋಡಿಕೊಳ್ಳಬೇಕಿತ್ತು. ಸ್ಕಾಲರ್‌ಶಿಪ್ ಗಿಟ್ಟಿಸಿ 1905ರಲ್ಲಿ ಢಾಕಾ ಶಾಲೆ ಸೇರಿದರು. ಅದೇ ವರ್ಷ ಬಂಗಾಳದ ವಿಭಜನೆಯಾಯಿತು. ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದ ಹುಡುಗರ ಜೊತೆ ಇವರನ್ನೂ ಶಾಲೆಯಿಂದ ಹೊರಹಾಕಿದರು. ಸ್ಕಾಲರ್‌ಶಿಪ್ಪೂ ಹೋಯ್ತು. ಬೇರೆ ಶಾಲೆ ಸೇರಿ ಓದು ಉಳಿಸಿಕೊಂಡರು. ಮುಂದೆ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸತ್ಯೇಂದ್ರನಾಥ ಬೋಸ್ ಇವರ ಕ್ಲಾಸ್‌ಮೇಟ್. ಆದರೆ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಇವರನ್ನು ಊಟದ ಪಂಕ್ತಿಗೆ ಸೇರಿಸಲಿಲ್ಲ.

ಆಗ ಖಗೋಳ ವಿಜ್ಞಾನಿಗಳ ಮುಂದೆ ಒಂದು ಒಗಟಿತ್ತು. ಸೂರ್ಯನ ವರ್ಣಗೋಳದಲ್ಲಿ ತುಂಬಾ ಎತ್ತರದವರೆಗೂ ಕಾಣುತ್ತಿದ್ದದ್ದು ಎಲೆಕ್ಟ್ರಾನ್ ಕಳಕೊಂಡ ಕ್ಯಾಲ್ಸಿಯಂನ ಗೆರೆಗಳು. ಅಷ್ಟು ಮೇಲೆ ಅಯಾನುಗಳೇ ಯಾಕೆ? 1920ರಲ್ಲಿ ಸಹಾ ಇದನ್ನು ರಾಸಾಯನಿಕ ಕ್ರಿಯೆಯ ಹಾಗೆ ನೋಡಿದರು. ಬಿಸಿಗೆ ಪರಮಾಣು ಅಯಾನು ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತೆ, ಎರಡೂ ಎದುರಾದರೆ ಮತ್ತೆ ಕೂಡುತ್ತೆ. ಬಿಸಿ ಹೆಚ್ಚಿದಷ್ಟೂ ಒಡೆಯೋದು ಹೆಚ್ಚು. ಒತ್ತಡ ಕಮ್ಮಿ ಇದ್ದಲ್ಲಿ ಕಣಗಳು ದೂರದೂರ, ಬಿಟ್ಟುಹೋದ ಎಲೆಕ್ಟ್ರಾನಿಗೆ ಅಯಾನು ಸಿಗೋದೇ ಅಪರೂಪ. ಅದಕ್ಕೇ ಮೇಲಿನ ತೆಳು ಪದರದಲ್ಲಿ ಅಯಾನುಗಳದ್ದೇ ರಾಜ್ಯ. ತಾಪ, ಒತ್ತಡ, ಅಯಾನೀಕರಣ ಶಕ್ತಿ ಈ ಮೂರನ್ನೂ ಜೋಡಿಸಿದ್ದೇ ಸಹಾ ಸಮೀಕರಣ.

ಇನ್ನೊಂದು ಗಂಟೂ ಬಿಚ್ಚಿತು. ರುಬಿಡಿಯಂ, ಸೀಸಿಯಂ ಗೆರೆಗಳು ಸೂರ್ಯನ ಬೆಳಕಲ್ಲಿ ಸಿಕ್ಕಿರಲಿಲ್ಲ. ಹಾಗಂತ ಅವು ಅಲ್ಲಿಲ್ಲ ಅಂತಲ್ಲ, ಸಡಿಲವಾಗಿ ಹಿಡಿದಿದ್ದ ಹೊರ ಎಲೆಕ್ಟ್ರಾನ್ ಆ ಬಿಸಿಗೆ ಕಳಚಿಹೋಗಿದೆ ಅಂದರು ಸಹಾ. ಸೂರ್ಯನ ಕಲೆಗಳು ಸುತ್ತಲಿಗಿಂತ ತಂಪು, ಅಲ್ಲಿ ಹುಡುಕಿ ಅಂತ ಸೂಚಿಸಿದರು. ರುಬಿಡಿಯಂ ಅಲ್ಲೇ ಸಿಕ್ಕಿತು! ಒಂದು ಗೆರೆ ಮಸುಕಾಗಿದ್ದರೆ ಆ ಧಾತು ಕಮ್ಮಿ ಅಂತಲೇ ಅರ್ಥವಲ್ಲ, ಅಲ್ಲಿನ ಬಿಸಿಯೂ ಕಾರಣ ಇರಬಹುದು ಅನ್ನೋದು ಇದರಿಂದ ಗೊತ್ತಾಯ್ತು. 1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣ ಬಳಸಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತಿ ಹೆಚ್ಚು ಎಂಬ ಲೆಕ್ಕಕ್ಕೆ ಬಂದರು.

ಸಹಾ 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಕಲ್ಕತ್ತಾದಲ್ಲಿ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದರು. 1952ರಲ್ಲಿ ಲೋಕಸಭೆಗೆ ಗೆದ್ದರು. ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರೂ ಆದರು. ನೊಬೆಲ್‌ಗೆ ಹೆಸರು ಹೋಗಿದ್ದರೂ ಬಹುಮಾನ ಬರಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವಾಗ ದಾರಿಯಲ್ಲೇ ಕುಸಿದು ತೀರಿಕೊಂಡರು. ಪಂಕ್ತಿಯಲ್ಲಿ ಜಾಗ ಸಿಗದಿದ್ದ ಆ ಹುಡುಗನ ಹೆಸರು ಈಗ ಖಗೋಳ ಭೌತಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ.