ಮುಖಗವಸಿನ ವೈದ್ಯ ಡಾ. ವೂ ಲಿಯೆನ್-ತೆ

2020ರಲ್ಲಿ ಕೊರೋನಾ ರೋಗವು ಲೋಕವನ್ನೆಲ್ಲ ಆವರಿಸಿ ಶಾಲೆಗಳ ಬಾಗಿಲು ಮುಚ್ಚಿದಾಗ ಮನೆಮನೆಯಲ್ಲಿಯೂ ಒಂದು ಚರ್ಚೆ ನಡೆಯಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ರೋಗ ತಡೆಯುತ್ತದೆಯೇ, ಇಲ್ಲವೇ? ಕೆಲವರು ತಪ್ಪದೆ ಕಟ್ಟಿದರು. ಕೆಲವರು ಪೊಲೀಸರನ್ನು ಕಂಡಾಗ ಮಾತ್ರ ಕಟ್ಟಿದರು. ಬಲ್ಲವರಲ್ಲಿಯೂ ಮೊದಮೊದಲು ಒಮ್ಮತವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ, ರೋಗ ಹರಡಿರುವ ಕಡೆ ಸಾಮಾನ್ಯ ಜನರೂ ಮುಖಗವಸು ತೊಡಬೇಕೆಂದು ಸಲಹೆ ಕೊಟ್ಟದ್ದು ಆ ವರ್ಷದ ಜೂನ್ ತಿಂಗಳಿನಲ್ಲಿ. ಆದರೆ ಈ ವಾದ ಹೊಸದಲ್ಲ. 1911ರ ಜನವರಿಯಲ್ಲಿ, ಉತ್ತರ ಚೀನಾದ ಕೊರೆಯುವ ಚಳಿಯಲ್ಲಿ, ಇಬ್ಬರು ವೈದ್ಯರ ನಡುವೆ ಇದೇ ವಾದ ನಡೆದಿತ್ತು. ಅವರಲ್ಲೊಬ್ಬರು ಡಾ. ವೂ ಲಿಯೆನ್-ತೆ. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು.

ವೂ ಅವರು 1879ರ ಮಾರ್ಚ್ 10ರಂದು ಈಗಿನ ಮಲೇಶಿಯಾದ ಪೆನಾಂಗ್ ದ್ವೀಪದಲ್ಲಿ ಹುಟ್ಟಿದರು. ಆಗ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ತಂದೆ ಚೀನಾದಿಂದ ವಲಸೆ ಬಂದ ಅಕ್ಕಸಾಲಿಗರು. ದೊಡ್ಡ ಸಂಸಾರ. ಬಾಲಕ ವೂ ಪೆನಾಂಗ್ ಫ್ರೀ ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಓದಿ, ಪರೀಕ್ಷೆಯಲ್ಲಿ ಗೆದ್ದು, ರಾಣಿಯ ಹೆಸರಿನ ವಿದ್ಯಾರ್ಥಿವೇತನ ಪಡೆದು 1896ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ಮುಂದೆ ಲಂಡನ್ನಿನ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಮುಗಿಸಿ, ಲಿವರ್‌ಪೂಲ್, ಪ್ಯಾರಿಸ್ ಮತ್ತು ಜರ್ಮನಿಯ ಹಾಲೆ ನಗರಗಳಲ್ಲಿ ರೋಗಾಣುಗಳ ಅಭ್ಯಾಸ ಮಾಡಿದರು.

1903ರಲ್ಲಿ ಊರಿಗೆ ಮರಳಿದಾಗ, ಅಷ್ಟು ಓದಿದ್ದರೂ ಸರಕಾರಿ ಸೇವೆಯ ಮೇಲಿನ ಹುದ್ದೆಗಳು ಅವರಿಗೆ ಸಿಗುವಂತಿರಲಿಲ್ಲ. ಅವು ಬಿಳಿಯರಿಗೆ ಮೀಸಲಾಗಿದ್ದವು. ವೂ ಕೆಲಕಾಲ ಸಂಶೋಧನೆ ಮಾಡಿ, ಆಮೇಲೆ ಪೆನಾಂಗಿನಲ್ಲಿ ಸ್ವಂತ ವೈದ್ಯವೃತ್ತಿ ಹಿಡಿದರು. ಅಫೀಮಿನ ಚಟದಿಂದ ಜನ ಹಾಳಾಗುವುದನ್ನು ಕಂಡು ಅದರ ವಿರುದ್ಧ ಚಳವಳಿ ನಡೆಸಿದರು. ಇದರಿಂದ ಅಫೀಮಿನ ವ್ಯಾಪಾರದ ಲಾಭ ಉಣ್ಣುತ್ತಿದ್ದ ಪ್ರಬಲರ ಕೋಪಕ್ಕೂ ಗುರಿಯಾದರು. ಇಂಥ ಸಮಯದಲ್ಲಿ ಚೀನಾ ಸರಕಾರದಿಂದ ಕರೆ ಬಂತು. 1908ರಲ್ಲಿ ಅವರು ತಿಯೆಂಜಿನ್ ನಗರದ ಸೈನಿಕ ವೈದ್ಯಕೀಯ ಕಾಲೇಜಿನ ಉಪನಿರ್ದೇಶಕರಾಗಿ ಹೋದರು. ಪೂರ್ವಿಕರ ನಾಡಿಗೆ ಹೋದರೂ ಅಲ್ಲಿನ ರಾಜಭಾಷೆ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ದೊಡ್ಡವರಾದ ಮೇಲೆ ಕುಳಿತು ಕಲಿತರು. ಮನೆಯಲ್ಲೊಂದು ಮಾತು, ಕಚೇರಿಯಲ್ಲೊಂದು ಮಾತು ಎಂಬ ಗಡಿನಾಡಿನವರಾದ ನಮಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

1910ರ ಕೊನೆಯಲ್ಲಿ ಮಂಚೂರಿಯಾ ಪ್ರಾಂತದ ಹಾರ್ಬಿನ್ ನಗರದಲ್ಲಿ ವಿಚಿತ್ರ ರೋಗ ಕಾಣಿಸಿತು. ಜ್ವರ ಬಂದು, ಕೆಮ್ಮು ಹತ್ತಿ, ರಕ್ತ ಉಗುಳಿ, ಒಂದೆರಡು ದಿನಗಳಲ್ಲಿಯೇ ಜನ ಸಾಯುತ್ತಿದ್ದರು. ಬಂದವರಲ್ಲಿ ಬದುಕಿದವರೇ ಇಲ್ಲ. ಅಲ್ಲಿಗೆ ಹೋಗಲು ಸರಕಾರ 31 ವರ್ಷದ ಡಾ. ವೂ ಅವರನ್ನು ಆರಿಸಿತು. ಒಬ್ಬ ಶಿಷ್ಯನನ್ನೂ ಸೂಕ್ಷ್ಮದರ್ಶಕವನ್ನೂ ಜೊತೆಗೆ ತೆಗೆದುಕೊಂಡು ಅವರು ಡಿಸೆಂಬರ್ 24ರಂದು ಹಾರ್ಬಿನ್ ತಲುಪಿದರು.

ಶವವನ್ನು ಕೊಯ್ದು ನೋಡುವುದು ಅಂದಿನ ಚೀನಾದಲ್ಲಿ ಮಹಾಪಾಪವೆಂಬ ಭಾವನೆಯಿತ್ತು. ಆದರೆ ರೋಗದ ಮೂಲ ತಿಳಿಯದೆ ಮದ್ದಿಲ್ಲ. ಮೂರು ದಿನಗಳ ಬಳಿಕ ಒಬ್ಬ ಮಹಿಳೆ ಈ ರೋಗದಿಂದ ತೀರಿಕೊಂಡಾಗ ವೂ ಅವರು ಗುಟ್ಟಾಗಿ ಶವಪರೀಕ್ಷೆ ಮಾಡಿದರು. ಶ್ವಾಸಕೋಶದಲ್ಲಿ ಪ್ಲೇಗಿನ ರೋಗಾಣುಗಳು ತುಂಬಿದ್ದವು.

ಪ್ಲೇಗು ನಮ್ಮ ಜನಕ್ಕೆ ಅಪರಿಚಿತವಲ್ಲ. 1896ರಲ್ಲಿ ಮುಂಬಯಿಗೆ ಬಂದು ನಮ್ಮ ಕಡೆಗೂ ಹಬ್ಬಿದ ಆ ಮಾರಿಯ ಕಾಲದಲ್ಲಿ, ಇಲಿ ಬಿದ್ದಿತೆಂದರೆ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದು ಗಡ್ಡೆಯ ಪ್ಲೇಗು. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿದರೆ ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ ಏಳುತ್ತಿತ್ತು. ಚಿಗಟದ ಈ ಪಾತ್ರವನ್ನು ಕರಾಚಿಯಲ್ಲಿ 1898ರಲ್ಲಿ ಫ್ರಾನ್ಸಿನ ವೈದ್ಯ ಸಿಮೊಂ ಕಂಡುಹಿಡಿದಿದ್ದರು. ಮುಂಬಯಿಯಲ್ಲಿ ನಡೆದ ಸಂಶೋಧನೆಗಳು ಅದನ್ನು ಖಚಿತಪಡಿಸಿದ್ದವು. ಆದ್ದರಿಂದ ಪ್ಲೇಗೆಂದರೆ ಇಲಿಯ ರೋಗ, ಇಲಿ ಕೊಂದರೆ ಸಾಕು ಎಂಬುದು ಆಗಿನ ಬಲ್ಲವರ ಗಟ್ಟಿ ನಂಬಿಕೆ.

ಹಾರ್ಬಿನ್ನಿನಲ್ಲಿ ಕಂಡದ್ದು ಬೇರೆ. ರೋಗಿಗಳ ಮೈಯಲ್ಲಿ ಗಡ್ಡೆಯಿಲ್ಲ. ಹಿಡಿದು ಪರೀಕ್ಷಿಸಿದ ಇಲಿಗಳಲ್ಲಿ ರೋಗಾಣುವಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬ ಕೆಮ್ಮಿದರೆ ಮನೆಮಂದಿಯೆಲ್ಲ ಮಲಗುತ್ತಿದ್ದರು. ಟಾರ್ಬಗಾನ್ ಎಂಬ ಬಿಲವಾಸಿ ಪ್ರಾಣಿಯ ತುಪ್ಪಳಕ್ಕೆ ಆಗ ಭಾರಿ ಬೆಲೆ. ಅದನ್ನು ಬೇಟೆಯಾಡಿದವರಿಂದ ರೋಗ ಮನುಷ್ಯರಿಗೆ ಬಂದಿರಬೇಕು, ಬಂದ ಮೇಲೆ ಕೆಮ್ಮಿನ ಹನಿಗಳ ಮೂಲಕ ಉಸಿರಿನಿಂದ ಉಸಿರಿಗೆ ದಾಟುತ್ತಿದೆ ಎಂದು ವೂ ತೀರ್ಮಾನಿಸಿದರು. ಹಾಗಿದ್ದರೆ ಮೂಗು ಬಾಯಿಗಳನ್ನು ಮುಚ್ಚಬೇಕು. ಗಾಯಕ್ಕೆ ಸುತ್ತುವ ಜಾಳು ಬಟ್ಟೆಯನ್ನು ಮಡಿಸಿ, ನಡುವೆ ಹತ್ತಿಯ ಪದರವಿಟ್ಟು, ತುದಿಗಳನ್ನು ಸೀಳಿ ತಲೆಯ ಹಿಂದೆ ಕಟ್ಟುವ ಮುಖಗವಸನ್ನು ಅವರು ಸಿದ್ಧಪಡಿಸಿದರು. ಶಸ್ತ್ರವೈದ್ಯರು ಮುಖಗವಸನ್ನು ಮೊದಲೇ ಬಲ್ಲವರಾಗಿದ್ದರು. ವೂ ಅದನ್ನು ಇನ್ನಷ್ಟು ದಪ್ಪ ಮಾಡಿ, ಯಾರು ಬೇಕಾದರೂ ಅಗ್ಗದಲ್ಲಿ ಮಾಡಿಕೊಳ್ಳುವಂತೆ ರೂಪಿಸಿದರು.

ಆಗ ತಿಯೆಂಜಿನ್ನಿನಿಂದ ಡಾ. ಮೆನಿ ಎಂಬ ಫ್ರೆಂಚ್ ವೈದ್ಯರು ಬಂದರು. ಇವರು ಹಿರಿಯ ಪ್ರಾಧ್ಯಾಪಕರು, ಪ್ಲೇಗನ್ನು ಹಿಂದೆಯೂ ಎದುರಿಸಿದ ಅನುಭವಿ. ಗಾಳಿಯಲ್ಲಿ ಹರಡುವ ಪ್ಲೇಗಿನ ಮಾತನ್ನು ಅವರು ಒಪ್ಪಲಿಲ್ಲ. ಕಿರಿಯನ ಮಾತು, ಅದರಲ್ಲೂ ಚೀನೀಯನ ಮಾತು, ಅವರಿಗೆ ರುಚಿಸಲಿಲ್ಲವೆಂದು ವೂ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ವೂ ಜಗಳಕ್ಕೆ ನಿಲ್ಲದೆ, ತಮ್ಮನ್ನು ಈ ಹೊಣೆಯಿಂದ ಬಿಡಿಸಬೇಕೆಂದು ಸರಕಾರಕ್ಕೆ ತಂತಿ ಕಳಿಸಿದರು. ಸರಕಾರ ಅವರನ್ನೇ ಉಳಿಸಿಕೊಂಡಿತು.

ಮೆನಿ ಅವರು ರಷ್ಯನ್ನರ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದರು. ಬಿಳಿ ನಿಲುವಂಗಿಯಿತ್ತು, ಕೈಗವಸಿತ್ತು, ಮುಖಗವಸು ಮಾತ್ರ ಇರಲಿಲ್ಲ. ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು. 1911ರ ಜನವರಿ 11ರಂದು ಅವರು ಮೃತರಾದರು. ರೋಗಿಗಳ ಸೇವೆಗಾಗಿ ಚಳಿಯಲ್ಲಿ ಅಷ್ಟು ದೂರ ಬಂದ ಆ ವೈದ್ಯರನ್ನು ನಾವು ಹಗುರಾಗಿ ಕಾಣಬಾರದು. ಅವರಿಗೆ ವಿದ್ಯೆಯೂ ಇತ್ತು, ಧೈರ್ಯವೂ ಇತ್ತು. ನಿನ್ನೆ ಕಲಿತದ್ದನ್ನು ಇಂದು ಮತ್ತೊಮ್ಮೆ ಪರೀಕ್ಷಿಸುವ ವಿನಯವೊಂದು ಕಡಿಮೆಯಾಯಿತು. ಈ ಸುದ್ದಿ ಹಬ್ಬಿದ ಮೇಲೆ ಹಾರ್ಬಿನ್ನಿನ ಬೀದಿಗಳಲ್ಲಿ ಮುಖಗವಸಿಲ್ಲದೆ ಓಡಾಡುವವರು ವಿರಳರಾದರು. ವಾದದಿಂದ ಆಗದ ಕೆಲಸ ಒಂದು ಸಾವಿನಿಂದ ಆಯಿತು.

ಆದರೆ ಬರಿಯ ಬಟ್ಟೆಯಿಂದಲೇ ರೋಗ ನಿಂತಿತೆಂದು ತಿಳಿಯಬಾರದು. ವೂ ಅವರು ನಗರವನ್ನು ನಾಲ್ಕು ವಿಭಾಗ ಮಾಡಿ ಒಂದರಿಂದ ಇನ್ನೊಂದಕ್ಕೆ ಸಂಚಾರ ತಡೆದರು. ರೋಗಿಗಳೊಡನೆ ಇದ್ದವರನ್ನು ರೈಲು ಡಬ್ಬಿಗಳಲ್ಲಿ ಪ್ರತ್ಯೇಕವಾಗಿರಿಸಿದರು. ಚೀನಾದ ಹೊಸವರ್ಷಕ್ಕೆ ಕೂಲಿಕಾರರು ಊರಿಗೆ ಹೊರಡುವ ಕಾಲವಾದ್ದರಿಂದ ರೈಲು ಪ್ರಯಾಣಕ್ಕೂ ಕಟ್ಟುಪಾಡು ಹಾಕಿಸಿದರು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಎರಡು ಸಾವಿರಕ್ಕೂ ಮಿಕ್ಕಿ ಹೆಣಗಳು ಸ್ಮಶಾನದಲ್ಲಿ ಬಿದ್ದಿದ್ದವು. ಹಿರಿಯರ ದೇಹವನ್ನು ಸುಡುವುದು ಅಲ್ಲಿನ ಸಂಪ್ರದಾಯಕ್ಕೆ ವಿರುದ್ಧ. ವೂ ಚಕ್ರವರ್ತಿಯ ಅಪ್ಪಣೆ ಬೇಡಿ ಪಡೆದು ಜನವರಿ 31ರಂದು ದಹನ ಆರಂಭಿಸಿದರು. ಮಾರ್ಚ್ 1ರಂದು ಹಾರ್ಬಿನ್ನಿನ ಕೊನೆಯ ರೋಗಿಯೂ ಮುಗಿದ. ಅಷ್ಟರಲ್ಲಿ ಮಂಚೂರಿಯಾ ಮತ್ತು ಸುತ್ತಿನಲ್ಲಿ ಸುಮಾರು 60,000 ಮಂದಿ ಸತ್ತಿದ್ದರು. ಅವರಲ್ಲಿ ರೋಗಿಗಳನ್ನು ಹೊತ್ತ ಸೇವಕರೂ ಇದ್ದರು.

ಆ ಏಪ್ರಿಲಿನಲ್ಲಿ ಮುಕ್ಡೆನ್ ನಗರದಲ್ಲಿ ಹನ್ನೊಂದು ದೇಶಗಳ ತಜ್ಞರು ಪ್ಲೇಗು ಸಮ್ಮೇಳನ ನಡೆಸಿದರು. ವೂ ಅಧ್ಯಕ್ಷರು. ಪ್ಲೇಗಿನ ರೋಗಾಣುವನ್ನು ಹುಡುಕಿದವರಲ್ಲೊಬ್ಬರಾದ ಜಪಾನಿನ ಕಿತಾಸಾತೊ ಅವರೂ ಆ ಸಭೆಯಲ್ಲಿದ್ದರು. 1920-21ರಲ್ಲಿ ಅದೇ ರೋಗ ಮರಳಿದಾಗ ವೂ ಕಟ್ಟಿದ ಪ್ಲೇಗು ನಿವಾರಣಾ ಸಂಸ್ಥೆ ಸಿದ್ಧವಾಗಿತ್ತು. ಸಾವು ಹತ್ತು ಸಾವಿರದೊಳಗೆ ನಿಂತಿತು. 1935ರಲ್ಲಿ ಅವರ ಹೆಸರು ನೊಬೆಲ್ ಪಾರಿತೋಷಕಕ್ಕೆ ಸೂಚಿತವಾಯಿತು. 1937ರಲ್ಲಿ ಯುದ್ಧದಿಂದ ಮನೆ ಕಳೆದುಕೊಂಡು ಮಲಯಾಕ್ಕೆ ಮರಳಿ, ಇಪೊ ಎಂಬ ಊರಿನಲ್ಲಿ ಸಾಮಾನ್ಯ ವೈದ್ಯರಾಗಿ ಜನರ ಸೇವೆ ಮಾಡಿದರು. 1960ರ ಜನವರಿ 21ರಂದು ಪೆನಾಂಗಿನಲ್ಲಿ ಕೀರ್ತಿಶೇಷರಾದರು.

ಮುಖಗವಸಿನ ವಾದ ಅವರೊಡನೆ ಮುಗಿಯಲಿಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಅದನ್ನು ಕಡ್ಡಾಯ ಮಾಡಿತು. 1919ರಲ್ಲಿ ಅದನ್ನು ವಿರೋಧಿಸುವ ಸಂಘವೇ ಅಲ್ಲಿ ಹುಟ್ಟಿತು. ತೆಳು ಜಾಳು ಬಟ್ಟೆಯಿಂದ ಎಷ್ಟು ಪ್ರಯೋಜನವೆಂಬ ಪ್ರಶ್ನೆ ಆಗಲೂ ಎದ್ದಿತ್ತು. ಪದರ ಪದರವಾಗಿ, ಮುಖಕ್ಕೆ ಸರಿಯಾಗಿ ಕೂರುವ ಗವಸು ಹೆಚ್ಚು ತಡೆಯುತ್ತದೆ, ಸಡಿಲವಾದ ತೆಳು ಬಟ್ಟೆ ಕಡಿಮೆ ತಡೆಯುತ್ತದೆ ಎಂಬುದು ಈಗ ತಿಳಿದಿದೆ. ಊರಿಗೆ ಊರೇ ತೊಟ್ಟಾಗ ರೋಗ ಎಷ್ಟು ತಗ್ಗುತ್ತದೆ ಎಂಬುದನ್ನು ವಿಜ್ಞಾನಿಗಳು ಇನ್ನೂ ಅಳೆಯುತ್ತಿದ್ದಾರೆ.

ವಿದ್ಯಾರ್ಥಿಗಳೇ, ಚರ್ಚೆ ತಪ್ಪಲ್ಲ. ಚರ್ಚೆಯಿಲ್ಲದೆ ವಿದ್ಯೆ ಬೆಳೆಯದು. ಆದರೆ ಹೇಳಿದವರು ಯಾರು, ಅವರ ವಯಸ್ಸೆಷ್ಟು, ಬಣ್ಣ ಯಾವುದು ಎಂದು ನೋಡದೆ, ಅವರು ತೋರಿಸುವ ಆಧಾರವೇನು ಎಂದು ನೋಡಬೇಕು. ಆಧಾರ ಪೂರ್ತಿ ಕೈಗೆ ಬರುವ ತನಕ ಎಚ್ಚರಿಕೆಯ ಪಕ್ಕದಲ್ಲಿ ನಿಲ್ಲಬೇಕು. ತಪ್ಪಾದರೆ ಒಂದು ತುಂಡು ಬಟ್ಟೆ ನಷ್ಟವಾದೀತು, ಅಷ್ಟೇ. ಡಾ. ವೂ ಅವರ ಜೀವನದಿಂದ ನಾವು ಇಷ್ಟನ್ನಾದರೂ ಕಲಿಯೋಣ.