ಕವಾಟಕ್ಕೆ ಕಾಲಜ್ಞಾನವಿತ್ತ ಜಾರ್ಜ್ ಕಾರ್ಲಿಸ್

ಉಗಿಯಂತ್ರದ ಇತಿಹಾಸದಲ್ಲಿ ಜೇಮ್ಸ್ ವಾಟ್‌ನ ತರುವಾಯ ಗೌರವದಿಂದ ಸ್ಮರಿಸಬೇಕಾದ ಹೆಸರು ಜಾರ್ಜ್ ಹೆನ್ರಿ ಕಾರ್ಲಿಸ್‌ನದು. ಆತನು 1817ನೆಯ ಇಸವಿ ಜೂನ್ 2ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಈಸ್ಟನ್‌ನಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ತಾರುಣ್ಯದಲ್ಲಿ ಅಂಗಡಿಯಿಟ್ಟು ವ್ಯಾಪಾರ ಮಾಡಿದನು. ಪಾದರಕ್ಷೆ ಹೊಲಿಯುವ ಯಂತ್ರವೊಂದನ್ನು ನಿರ್ಮಿಸಿ, 1844ರಲ್ಲಿ ಪ್ರಾವಿಡೆನ್ಸ್ ನಗರಕ್ಕೆ ಬಂದು ನೆಲೆಸಿದನು. ಅಲ್ಲಿ ಆತನ ಚಿತ್ತ ಉಗಿಯಂತ್ರದತ್ತ ಹೊರಳಿತು.

ಅಂದಿನ ಯಂತ್ರಗಳಲ್ಲಿ ಕೆಲಸದ ಹೊರೆ ತಗ್ಗಿದಾಗ ವೇಗ ಮಿತಿಮೀರದಂತೆ ಉಗಿಯ ಹಾದಿಯನ್ನು ಕಿರಿದುಗೊಳಿಸುವುದು ವಾಡಿಕೆಯಾಗಿತ್ತು. ಇದರಿಂದ ಉಗಿಯ ಒತ್ತಡ ವ್ಯರ್ಥವಾಗಿ ಕುಗ್ಗಿ, ಉರಿಸಿದ ಕಲ್ಲಿದ್ದಲಿಗೆ ತಕ್ಕ ಫಲ ದೊರೆಯುತ್ತಿರಲಿಲ್ಲ. ಕಾರ್ಲಿಸ್ ಹಾದಿಯನ್ನು ಕಿರಿದು ಮಾಡದೆ ಕವಾಟ ಮುಚ್ಚುವ ಗಳಿಗೆಯನ್ನು ಬದಲಿಸಿದನು. ಪ್ರತಿ ಸಿಲಿಂಡರಿಗೂ ನಾಲ್ಕು ಕವಾಟಗಳು. ಎರಡು ಉಗಿಯನ್ನು ಒಳಬಿಡಲು, ಎರಡು ಹೊರಬಿಡಲು. ಹೊರೆ ಹೆಚ್ಚಿದರೆ ಒಳಬಿಡುವ ಕವಾಟ ತಡವಾಗಿಯೂ, ತಗ್ಗಿದರೆ ಬೇಗನೆಯೂ ಮುಚ್ಚುವಂತೆ ವೇಗನಿಯಂತ್ರಕವೇ ನಿರ್ಣಯಿಸುತ್ತಿತ್ತು. ಒಳಸೇರಿದ ಉಗಿಯು ಆಮೇಲೆ ಹಿಗ್ಗುತ್ತ ಪಿಸ್ಟನ್ನನ್ನು ತಳ್ಳುತ್ತಿತ್ತು. ಈ ರಚನೆಗೆ 1849ರಲ್ಲಿ ಪೇಟೆಂಟ್ ದೊರೆಯಿತು.

ಗಿರಣಿಗಳ ಒಡೆಯರು ಹೊಸ ಯಂತ್ರಕ್ಕೆ ಹಣ ಹೂಡಲು ಹಿಂಜರಿದರು. ಆಗ ಕಾರ್ಲಿಸ್, ಉಳಿತಾಯವಾದ ಇಂಧನದ ಬೆಲೆಯನ್ನೇ ಯಂತ್ರದ ಬೆಲೆಯಾಗಿ ಸ್ವೀಕರಿಸಲು ಮುಂದಾದನು. ಯಂತ್ರ ಸೋತಿದ್ದರೆ ನಷ್ಟವೆಲ್ಲ ಆತನದೇ ಆಗುತ್ತಿತ್ತು, ಅದು ಸೋಲಲಿಲ್ಲ. ಆದರೆ ಯಂತ್ರ ಹೆಸರು ಪಡೆದಂತೆ ಅನುಕರಿಸುವವರೂ ಹೆಚ್ಚಿದರು. ಪೇಟೆಂಟಿನ ರಕ್ಷಣೆಗಾಗಿ ಆತನು ದೀರ್ಘಕಾಲ ನ್ಯಾಯಾಲಯಗಳಲ್ಲಿ ಹೋರಾಡಬೇಕಾಯಿತು. 1870ರಲ್ಲಿ ರಂಫರ್ಡ್ ಪದಕ ಆತನಿಗೆ ಸಂದಿತು. 1876ರ ಮೇ 10ರಂದು ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಅಧ್ಯಕ್ಷ ಗ್ರಾಂಟ್ ಮತ್ತು ಬ್ರೆಜಿಲಿನ ಚಕ್ರವರ್ತಿ ಎರಡನೆಯ ಪೆಡ್ರೊ ಚಾಲನೆಯಿತ್ತ 1,400 ಅಶ್ವಶಕ್ತಿಯ ಮಹಾಯಂತ್ರವು ಕಾರ್ಲಿಸ್‌ನ ಕೃತಿಯೇ. ಯಂತ್ರಭವನದ ನೂರಾರು ಯಂತ್ರಗಳಿಗೆ ಅದೊಂದೇ ಶಕ್ತಿಯನ್ನು ಒದಗಿಸಿತು. 1888ರ ಫೆಬ್ರವರಿ 21ರಂದು ಕಾರ್ಲಿಸ್ ಪ್ರಾವಿಡೆನ್ಸಿನಲ್ಲಿ ನಿಧನನಾದನು.

ಮುಂದೆ ಬಂದ ಮೋಟಾರು ಕಾರಿನ ಪೆಟ್ರೋಲ್ ಎಂಜಿನ್ನಿಗೂ ಇದೇ ಸಮಸ್ಯೆ ಎದುರಾಯಿತು. ಅದರ ಕವಾಟಗಳು ನಿಗದಿಯಾದ ಗಳಿಗೆಯಲ್ಲಿಯೇ ತೆರೆದು ಮುಚ್ಚುತ್ತಿದ್ದವು. ಹೊರೆ ತಗ್ಗಿದಾಗ ಗಾಳಿಯ ಹಾದಿಯನ್ನು ಕಿರಿದುಗೊಳಿಸಲಾಗುತ್ತಿತ್ತು. 1980ರಲ್ಲಿ ಇಟಲಿಯ ಆಲ್ಫಾ ರೋಮಿಯೊ ಕಾರಿನಲ್ಲಿ ಕವಾಟ ತೆರೆಯುವ ಗಳಿಗೆಯನ್ನು ಬದಲಿಸುವ ಏರ್ಪಾಡು ಬಂದಿತು. 1989ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ನಿಧಾನಗತಿಗೊಂದು, ಶೀಘ್ರಗತಿಗೊಂದು ಎಂದು ಎರಡು ಬಗೆಯ ಕ್ಯಾಮುಗಳನ್ನು ಅಳವಡಿಸಿತು. 2001ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು ಕವಾಟ ತೆರೆದುಕೊಳ್ಳುವ ಪ್ರಮಾಣವನ್ನೇ ಹೊರೆಗೆ ತಕ್ಕಂತೆ ಬದಲಿಸಿ, ಹಾದಿ ಕಿರಿದುಗೊಳಿಸುವ ಅಗತ್ಯವನ್ನು ಬಹುಮಟ್ಟಿಗೆ ನೀಗಿಸಿತು. ಕಲ್ಲಿದ್ದಲು ಹೋಗಿ ಪೆಟ್ರೋಲ್ ಬಂದರೂ, ಬೇಕಾದಷ್ಟನ್ನೇ ಒಳಬಿಟ್ಟು ಸಕಾಲದಲ್ಲಿ ಬಾಗಿಲು ಮುಚ್ಚುವ ಕಾರ್ಲಿಸ್‌ನ ತತ್ತ್ವ ಸವೆದಿಲ್ಲ.